ಕೆರೆಯಲ್ಲಿ ಕರಗದೆ ಉಳಿದ ಗಣಪತಿ

ನೀರಿಗೆ ಬಿಟ್ಟ ಗಣಪತಿ ಕರಗಬೇಕು. ನಾನು ಮಾಡಿದ್ದು ಕರಗಲಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಅರವತ್ತರ ದಶಕದಲ್ಲಿ ನಾನು ಕೇರಳದ ಕಳಮಶ್ಶೇರಿಯ ಒಂದು ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸದಲ್ಲಿದ್ದೆ. ಕ್ವಾರ್ಟರ್ಸಿನಲ್ಲಿ ನಮ್ಮ ಮೈಸೂರು ಕಡೆಯವರದು ಐದಾರು ಮನೆ. ಹಬ್ಬಕ್ಕೆ ಮಣ್ಣಿನ ಗಣಪತಿ ಅಲ್ಲಿ ಸಿಗದು. ಯಾರಾದರೂ ಊರಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರಬೇಕು. ಒಂದು ವರ್ಷ ಸೊಂಡಿಲು ಮುರಿದುಕೊಂಡು ಬಂತು. ಮುಂದಿನ ಸಲ ನಾನೇ ಮಾಡುತ್ತೇನೆಂದು ಜಂಭ ಕೊಚ್ಚಿದೆ. ಅಲ್ಲಿಯ ಕೆಂಪು ಮಣ್ಣು ಒಣಗಿದಂತೆ ಬಿರಿಯಿತು. ಸಿಮೆಂಟ್ ಕಲಸಿದೆ. ಕೈಗಳು ನಿಲ್ಲಲೆಂದು ಒಳಗೆ ಕಬ್ಬಿಣದ ಕಂಬಿ ಕೊಟ್ಟೆ. ಎತ್ತಲು ನಾಲ್ಕು ಜನ ಬೇಕಾದಾಗಲೂ, ಹಸಿ ಮಣ್ಣು, ಭಾರವಿರುತ್ತದೆ ಎಂದು ಸುಳ್ಳು ಹೇಳಿದೆ.

ಪೂಜೆ ಮುಗಿಸಿ ಊರ ಕೆರೆಗೆ ಬಿಟ್ಟ ಮೂರನೆಯ ದಿನ ಆ ಕಡೆ ಹೋದಾಗ ಅಭಯಹಸ್ತ ನೀರಿನಡಿ ಹಾಗೇ ಕಾಣುತ್ತಿತ್ತು. ಎತ್ತಿಸಿದರೆ ನಗೆಪಾಟಲಾಗುತ್ತದೆಂದು ಬಿಟ್ಟುಬಂದೆ.

ಆ ಕೆರೆಯಲ್ಲಿ ತೆಂಗಿನ ಗರಿ ನೆನೆಸಿ, ಹೆಣೆದು ಮಾರುವ ಒಬ್ಬ ಹೆಂಗಸಿದ್ದಳು. ಮರುಮಳೆಗಾಲದ ಹೊತ್ತಿಗೆ ಸಿಮೆಂಟ್ ಒಡೆದು ಕಂಬಿ ಹೊರಬಂದಿರಬೇಕು, ಅವಳ ಅಂಗಾಲು ಸೀಳಿತು. ಎರಡು ತಿಂಗಳು ಮಲಗಿದ್ದು, ಎದ್ದ ಮೇಲೂ ಕಾಲನ್ನು ಓರೆಯಾಗಿಟ್ಟು ನಡೆದಳು. ದಂಡೆಯಲ್ಲಿ ಬಾತು ಸಾಕುತ್ತಿದ್ದವನ ಬೇಲಿಯ ತಂತಿಯೇ ಚುಚ್ಚಿತೆಂದು ಊರೆಲ್ಲ ಸೇರಿ ಅವನ ಬಾತುಗಳನ್ನು ಕೆರೆಯಿಂದ ಓಡಿಸಿತು. ಆ ಗುಂಪಿನಲ್ಲಿ ನಾನೂ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆಮೇಲೆ ನನ್ನನ್ನು ತಿರುವನಂತಪುರಕ್ಕೆ, ಪಟ್ಟಂ ಬಡಾವಣೆಯಲ್ಲಿದ್ದ ಕಂಪನಿಯ ಆಫೀಸಿಗೆ ಹಾಕಿದರು. ಅಲ್ಲಿ ಪ್ರತಿ ವರ್ಷ ಹಬ್ಬದ ದಿನ ಏನಾದರೊಂದು ಕೆಲಸ ಹುಡುಕಿಕೊಂಡು ಮನೆಯಿಂದ ಹೊರಗಿರುತ್ತಿದ್ದೆ.

ಎಪ್ಪತ್ತರ ದಶಕದ ನಡುವೆ ಮತ್ತೆ ಕಳಮಶ್ಶೇರಿಗೆ ಬಂದಾಗ ಕೆರೆಯನ್ನು ಪಾಯಲ್ ಎಂಬ ಕಳೆ ಮುಚ್ಚಿತ್ತು. ಅದರಡಿ ಡಬ್ಬಿ, ಟೈರು, ಕಾರ್ಖಾನೆಯ ಕರಿ ಎಣ್ಣೆ. ವಾಚನಾಲಯದವರು ಒಂದು ಭಾನುವಾರ ಊರನ್ನೇ ಇಳಿಸಿ ಶುಚಿ ಮಾಡಿಸಿದರು. ಎಲ್ಲರಿಗಿಂತ ಮೊದಲು ನೀರಿಗಿಳಿದವನು ನಾನು. ಅದು ನನ್ನ ಕೈಗೇ ಸಿಗಲಿ, ಸದ್ದಿಲ್ಲದೆ ಗಾಡಿಗೆ ಹಾಕಿಬಿಡೋಣ ಎಂಬ ಲೆಕ್ಕ. ಸಿಕ್ಕಿದ್ದು ಬೇರೆಯವರ ಹಗ್ಗಕ್ಕೆ.

ಬಣ್ಣವೆಲ್ಲ ಹೋಗಿ, ಪಾಚಿ ಹಿಡಿದು, ಒಂದು ಕೈ ಉದುರಿದ್ದ ಅದು ದಂಡೆಗೆ ಬಂದಾಗ ಜನ ಕೆಲಸ ಬಿಟ್ಟು ಸುತ್ತ ನೆರೆದರು. ಯಾವುದೋ ಮುಳುಗಿದ ದೇವಸ್ಥಾನದ್ದು ಎಂದರು ಒಬ್ಬರು. ಯಾರೋ ದೀಪ ತಂದರು. ಜೋಯಿಸರಲ್ಲಿ ಪ್ರಶ್ನೆ ಕೇಳಿಸುವ ತನಕ ಕೆರೆಗೆ ಕಾಲಿಡಬಾರದೆಂದು ಹಿರಿಯರೊಬ್ಬರು ಹೇಳಿದ್ದೇ, ನೀರಿನಲ್ಲಿದ್ದವರೆಲ್ಲ ಮೇಲೆ ಬಂದು ಕಾಲು ತೊಳೆದುಕೊಂಡರು. ಅರ್ಧ ಕೆರೆ ಹಾಗೇ ಉಳಿಯಿತು. ಗರಿಯ ಹೆಂಗಸೂ ಕೈಮುಗಿದು ನಿಂತಿದ್ದಳು. ಅವಳು ಕೈಮುಗಿದದ್ದನ್ನು ನೋಡಲು ನನ್ನಿಂದಾಗಲಿಲ್ಲ.

"ಇದನ್ನು ಮಾಡಿದ್ದು ನಾನು," ಎಂದೆ, ನನ್ನ ಮುರುಕು ಮಲಯಾಳದಲ್ಲಿ. "ಒಳಗಿರೋದು ಕಂಬಿ. ಅಕ್ಕಾ, ನಿಮ್ಮ ಕಾಲು ಸೀಳಿದ್ದು ಇದೇ."

ಅವಳು ಮುಗಿದ ಕೈ ಇಳಿಸಿದಳು. ಮುರಿದ ತೋಳಿನಿಂದ ಚಾಚಿದ್ದ ತುಕ್ಕಿನ ಕಂಬಿಯನ್ನು ಮುಟ್ಟಿ ನೋಡಿದಳು.

"ಸಾರೇ, ಹತ್ತು ವರ್ಷ ಆ ಬಾತಿನವನ ಅಪ್ಪ ಅಜ್ಜನನ್ನೆಲ್ಲ ಬೈದಿದ್ದೀನಿ. ಒಂದು ದಿನವೂ ನಿಮ್ಮ ನಾಲಿಗೆ ಏಳಲಿಲ್ಲವಾ?"

ಸುತ್ತಿಗೆ ತರಿಸಿ, ಗಣಪತಿಯಲ್ಲಿ ತಪ್ಪಾಯಿತೆಂದು ಬೇಡಿಕೊಂಡು, ನಾನೇ ಒಡೆದೆ. ಒಳಗಿನ ಕಂಬಿ ಕಂಡ ಮೇಲೆ ಜನ ದೀಪ ಆರಿಸಿ ಮತ್ತೆ ನೀರಿಗಿಳಿದರು.

ನಾನು ಕೆಸರು ಮೈಯಲ್ಲೇ ಬಾತಿನವನ ಮನೆಗೆ ಹೋದೆ. ಎಲ್ಲ ಕೇಳಿಸಿಕೊಂಡ ಅವನು, "ಇದನ್ನು ನನ್ನ ಹೆಂಡತಿಯ ಎದುರು ಇನ್ನೊಮ್ಮೆ ಹೇಳಿ. ಅವಳೂ ನನ್ನನ್ನು ನಂಬಿರಲಿಲ್ಲ," ಎಂದು ಒಳಗೆ ಕರೆದ.

ಹೇಳಿದೆ. ಎರಡನೆಯ ಸಲ ಹೇಳುವಾಗ ನನ್ನ ದನಿ ನಡುಗಲಿಲ್ಲ. ಆಕೆ ಒಂದು ಚೊಂಬು ನೀರು ಕೊಟ್ಟಳು, ಗಟಗಟನೆ ಕುಡಿದೆ.