ಸಾಲಿನಲ್ಲಿ ಮೂರು ಜಾಗ

ನಮ್ಮ ಮೇಸ್ತ್ರಮ್ಮನ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಬಲಗಿವಿಯಲ್ಲಿ ಮಾತ್ರ ದಪ್ಪನೆಯ ಓಲೆ. ಹೊಸದಾಗಿ ಕೆಲಸಕ್ಕೆ ಸೇರಿದವರ ಕಣ್ಣು ಮೊದಲು ಹೋಗುತ್ತಿದ್ದುದು ಅಲ್ಲಿಗೇ. "ಓಲೆ ಭಾರಕ್ಕೆ ಹರಿದದ್ದು ಕಣೆ, ನಿನ್ನಂಥವಳ ಮಾತು ಕೇಳಿ ಹರಿದದ್ದಲ್ಲ. ಮೊರ ನೋಡು," ಎಂದು ಅವರೇ ಹೇಳಿ ಮುಗಿಸುತ್ತಿದ್ದರು.

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಹೆಂಗಸರಿಗೆ ಅವರು ಮೇಸ್ತ್ರಿ. ಯಂತ್ರದಲ್ಲಿ ಸಿಪ್ಪೆ ಬಿಟ್ಟು ಬಂದ ಕಾಫಿಯಿಂದ ಕರಿಬೀಜ, ಒಡಕು, ಕಲ್ಲು ತೆಗೆಯುವುದು ನಮ್ಮ ಕೆಲಸ. ಗಂಡ ತೀರಿಕೊಂಡ ಮರುವರ್ಷ, ಇನ್ನೂ ಚಿಕ್ಕ ಪ್ರಾಯದಲ್ಲೇ, ನಾನು ಅಲ್ಲಿಗೆ ಸೇರಿದೆ. ಅವರ ಕಟ್ಟಳೆಗಳು ಖಡಾಖಂಡಿತ. ಒಳಗೆ ಬರುವ ಮೊದಲು ಕೈಕಾಲು ತೊಳೆಯಬೇಕು. ಎಲೆಯಡಿಕೆ ಹೊರಗೇ ಉಗಿದು ಬಾಯಿ ಮುಕ್ಕಳಿಸಬೇಕು. ತಲೆಗೆ ವಸ್ತ್ರ ಕಟ್ಟಬೇಕು. ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ಕಾಣುವಂತಿರಬೇಕು. "ಕೈ ಓಡ್ಲಿ, ಬಾಯಿ ನಡೀಲಿ," ಎಂಬುದು ದಿನದ ಮೊದಲ ಮಾತು. ಮಗುವಿಗೆ ಜ್ವರವೆಂದು ತಡವಾಗಿ ಬಂದವಳನ್ನು ಬಯ್ಯುತ್ತಿದ್ದರು, ಆದರೆ ಹಿಂದಕ್ಕೆ ಕಳಿಸಿದ್ದನ್ನು ನಾನು ಕಾಣೆ. ಮುಂದೆ ನಾನು ಬಹಳ ಕಾಲ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸಿದೆ. ಗಂಟೆಗೆ ಸರಿಯಾಗಿ ಏಳುವುದು, ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮುಗಿಸುವುದು ನನಗೆ ಯಾವ ಶಾಲೆಯಿಂದಲೂ ಬಂದದ್ದಲ್ಲ.

ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದ ಮೇಲೆ ಅಲ್ಲಿದ್ದ ನಮ್ಮ ದೇಶದವರು ಗುಂಪುಗುಂಪಾಗಿ ಕಾಡು ಬೆಟ್ಟ ದಾಟಿ ನಡೆದು ಬಂದರು. ಹಾಗೆ ಬಂದ ಮೂರು ಸಂಸಾರಗಳು ನಮ್ಮೂರಿನ ಛತ್ರಕ್ಕೂ ಬಂದು ಸೇರಿದವು. ಮೂರರಲ್ಲೂ ಗಂಡಸರಿರಲಿಲ್ಲ, ಹೆಂಗಸರು, ಮಕ್ಕಳು ಅಷ್ಟೇ. ಅವರಲ್ಲಿ ಒಬ್ಬಳ ತವರು ಇಲ್ಲೇ ಬೆಟ್ಟದ ಮೇಲಿನ ಹಳ್ಳಿ ಅತ್ತಿಗುಂಡಿ. ಹುಡುಕಿಕೊಂಡು ಹೋದರೆ ಅಲ್ಲಿ ತನ್ನವರೆನ್ನಲು ಯಾರೂ ಉಳಿದಿರಲಿಲ್ಲ. ಅವಳಿಗೊಬ್ಬ ಮಗ, ಒಬ್ಬಳು ಮಗಳು. ನಾವೆಲ್ಲ ಅವಳನ್ನು ರಂಗೂನಕ್ಕ ಎನ್ನುತ್ತಿದ್ದೆವು.

ಊರಿನ ದೊಡ್ಡವರು ಸಮಿತಿ ಮಾಡಿ ಅಕ್ಕಿ, ಕಂಬಳಿ ಕೊಟ್ಟರು. ಒಳ್ಳೆಯವರೇ. ಆದರೆ ಎಷ್ಟು ದಿನ ಕೊಟ್ಟಾರು? ಮಕ್ಕಳನ್ನು ಮೈಸೂರಿನ ಅನಾಥಾಲಯಕ್ಕೆ ಸೇರಿಸುವುದು, ತಾಯಂದಿರನ್ನು ದೂರದ ತೋಟದ ಬಂಗಲೆಗಳಿಗೆ ಅಡುಗೆ ಕೆಲಸಕ್ಕೆ ಕಳಿಸುವುದು ಎಂದು ತೀರ್ಮಾನಿಸಿದರು. ಒಂದು ಸಂಜೆ ನಮ್ಮ ಹಳೆಯ ಸೀರೆಗಳ ಗಂಟು ಕೊಡಲು ಮೇಸ್ತ್ರಮ್ಮನೂ ನಾನೂ ಛತ್ರಕ್ಕೆ ಹೋದಾಗ ಸಮಿತಿಯ ವಕೀಲರು ಈ ವಿಷಯ ತಿಳಿಸುತ್ತಿದ್ದರು. ರಂಗೂನಕ್ಕ ಎರಡೂ ಮಕ್ಕಳ ಮಣಿಕಟ್ಟು ಹಿಡಿದುಕೊಂಡು ಗೋಡೆಗೆ ಒತ್ತಿ ನಿಂತಳು.

"ತಾಯಿ ಇರೋ ಮಕ್ಕಳು ಅನಾಥರು ಹ್ಯಾಗಾಗ್ತಾರೆ ಸ್ವಾಮಿ?" ಎಂದರು ಮೇಸ್ತ್ರಮ್ಮ.

"ತಾಯಿಗೆ ದುಡಿಮೆ ಇಲ್ವಲ್ಲಮ್ಮ. ನೀನು ಕೊಡಿಸ್ತೀಯಾ?"

"ಕೊಡಿಸ್ತೀನಿ. ಮೂವರಿಗೂ."

"ಈ ತಿಂಗಳು ಮುಗಿಯೋದರೊಳಗೆ ಕೊಡಿಸು, ಮಕ್ಕಳು ಇಲ್ಲೇ ಇರಲಿ," ಎಂದರು ವಕೀಲರು.

ಕೊಡಿಸಲು ಮೇಸ್ತ್ರಮ್ಮನ ಕೈಯಲ್ಲಿ ಏನೂ ಇರಲಿಲ್ಲ. ಯುದ್ಧದಿಂದ ಹಡಗುಗಳು ನಿಂತು ಹೊರದೇಶಕ್ಕೆ ಕಾಫಿ ಹೋಗುತ್ತಿರಲಿಲ್ಲ. ಮರುದಿನ ಮ್ಯಾನೇಜರರನ್ನು ಕೇಳಿದರೆ, ಇರುವವರನ್ನೇ ಕಡಿಮೆ ಮಾಡುವ ಯೋಚನೆಯಲ್ಲಿದ್ದೇನೆ, ಹೊಸ ಜಾಗ ಎಲ್ಲಿಂದ ತರಲಿ ಎಂದುಬಿಟ್ಟರು.

ಅವತ್ತು ಊಟದ ಹೊತ್ತಿಗೆ ಮೇಸ್ತ್ರಮ್ಮ ನಮ್ಮ ಸಾಲಿನವರನ್ನು ಗೋಡೌನಿನ ಹಿಂದೆ ಕೂರಿಸಿದರು. ನಾವು ಹದಿನೆಂಟು ಮಂದಿ.

"ವಾರದಲ್ಲಿ ಒಂದು ದಿನ ಒಬ್ಬೊಬ್ಬಳು ಮನೇಲಿರಿ. ಆ ದಿನ ನಿಮ್ಮ ಜಾಗದಲ್ಲಿ ರಂಗೂನಿನವಳು ಕೂತು ಕೂಲಿ ತಗೊಳ್ತಾಳೆ. ದಿನಕ್ಕೆ ಮೂರು ಜನ ಬಿಟ್ಟರೆ ಮೂವರಿಗೂ ವಾರವಿಡೀ ಕೆಲಸ. ಮನೇಲಿದ್ದವಳು ಅವರ ಮಕ್ಕಳನ್ನ ನೋಡ್ಕೋಬೇಕು."

ನಮ್ಮಲ್ಲಿ ಬಾಯಿ ಜೋರಿನವಳೊಬ್ಬಳು, "ನಮ್ಮ ಹೊಟ್ಟೆಗೇ ಸಾಲ್ತಿಲ್ಲ ಮಾರಾಯ್ತಿ. ನೀವು ಮೇಸ್ತ್ರಿ, ನಿಮಗೇನು! ನಿಮ್ಮ ಜಾಗ ಯಾರಿಗೆ ಬಿಡ್ತೀರಿ?" ಎಂದಳು.

"ನನಗೆ ಕೂರೋ ಜಾಗ ಎಲ್ಲಿದೆ? ದಿನವಿಡೀ ನಿಂತೇ ಇರ್ತೀನಲ್ಲ. ನಾನು ಮನೆ ಬಿಡ್ತೀನಿ. ಮೂರು ಸಂಸಾರನೂ ನಾಳೆಯಿಂದ ನಮ್ಮನೇಲಿ."

"ಇರೋದೊಂದು ಕೋಣೆ, ಒಂದು ಜಗಲಿ. ನೀವೆಲ್ಲಿ ಮಲಗ್ತೀರಿ?"

"ನಿನ್ನ ಬಾಯಿ ದೊಡ್ಡದಿದೆಯಲ್ಲ, ಅಲ್ಲಿ ಮಲಗ್ತೀನಿ."

ನಕ್ಕೆವು. ನಕ್ಕ ಮೇಲೆ ಒಲ್ಲೆ ಎನ್ನುವುದು ಕಷ್ಟ. ಬಾಯಿ ಜೋರಿನವಳೇ ಮೊದಲು ಹೇಳಿದಳು: "ನಂದು ಮಂಗಳವಾರ ಬರ್ಕೊಳ್ಳಿ." ಮೇಸ್ತ್ರಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಎಲ್ಲರ ಸರದಿಯೂ ಅವರ ತಲೆಯಲ್ಲೇ ಇತ್ತು.

ಮೊದಲ ದಿನ ನನ್ನ ಪಕ್ಕಕ್ಕೆ ಬಂದು ಕೂತವಳು ರಂಗೂನಕ್ಕ. ಕೈ ನಿಧಾನ, ಆದರೆ ನೋಟ ಚುರುಕು. ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿತ್ತು. ನಾವು ಮರೆತದ್ದು ಒಂದೇ, ಊಟದ ಸೈರನ್. ಊರಿನವರು ಗಡಿಯಾರ ತಿದ್ದಿಕೊಳ್ಳುತ್ತಿದ್ದ ಆ ಸೈರನ್ ನಮ್ಮ ತಲೆಯ ಮೇಲೆಯೇ ಇತ್ತು. ಅದು ಕೂಗಿದ್ದೇ ತಡ, ಅವಳು ಮೊರವನ್ನು ಎಸೆದು ನೆಲಕ್ಕೆ ಬಿದ್ದು ಕಿವಿ ಮುಚ್ಚಿಕೊಂಡಳು. ರಂಗೂನಿನ ಇನ್ನಿಬ್ಬರು ಚೀಲಗಳ ಅಟ್ಟಿಯ ಸಂದಿಗೆ ನುಗ್ಗಿದರು. ರಂಗೂನಿನಲ್ಲಿ ಸೈರನ್ ಕೂಗಿದರೆ ಮುಂದೆ ಬರುತ್ತಿದ್ದುದು ಬಾಂಬು. ಆರಿಸಿದ್ದು, ಆರಿಸದ್ದು ಎಲ್ಲ ಬೆರೆತು ಚೆಲ್ಲಾಡಿತು. ಸದ್ದಿಗೆ ಮ್ಯಾನೇಜರರು ಬಂದರು.

"ಯಾರಿವರು? ಈ ಬಿಲ್ಲೆ ಇವಳದಲ್ಲ."

"ಬಿಲ್ಲೆ ಅದೇ, ಜಾಗ ಅದೇ, ಕೂತವಳು ಬೇರೆ. ಹೊಸ ಜಾಗ ಇಲ್ಲ ಅಂದ್ರಿ, ಹಳೇದರಲ್ಲೇ ಕೂರಿಸಿದೆ."

"ನನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ. ಆಮೇಲೆ ಕೂರಿಸಿದ್ರೆ ನಿಮ್ಮ ಮಾತು ಮೀರಿದ ಹಾಗಾಗ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಮ್ಯಾನೇಜರರ ಮುಖ ಕೆಂಪಾಯಿತು. "ಈಗಲೇ ಹೊರಗೆ ಕಳಿಸು," ಎಂದರು. ಮೇಸ್ತ್ರಮ್ಮ ಸೊಂಟದಿಂದ ತಮ್ಮ ಬಿಲ್ಲೆ ಬಿಚ್ಚಿ ತೂಕದ ಮೇಜಿನ ಮೇಲಿಟ್ಟರು. "ನಾನೇ ಹೋಗ್ತೀನಿ ಸ್ವಾಮಿ. ನನ್ನ ಕೂಲಿಯಲ್ಲಿ ಇವರನ್ನ ಇಟ್ಕಳಿ. ಇವರು ಎದ್ದು ಹೋದ್ರೆ ಮಕ್ಕಳು ಮೈಸೂರಿಗೆ ಹೋಗ್ತವೆ."

ಬಾಯಿ ಜೋರಿನವಳು ಎದ್ದುಬಂದು ತನ್ನ ಬಿಲ್ಲೆಯನ್ನೂ ಪಕ್ಕದಲ್ಲಿಟ್ಟಳು. "ಇವತ್ತು ನನ್ನ ಸರದಿಯಲ್ಲ. ಆದ್ರೂ ಮನೆಗೆ ಹೋಗ್ತೀನಿ."

ನಾನೂ ಇಟ್ಟೆ. ನನ್ನ ಹಿಂದೆ ಇನ್ನೂ ನಾಲ್ಕೈದು ಜನ ಎದ್ದಿದ್ದರು. ಮ್ಯಾನೇಜರರು ಬಿಲ್ಲೆಗಳನ್ನೂ, ನೆಲದಲ್ಲಿ ಇನ್ನೂ ಕಿವಿ ಮುಚ್ಚಿಕೊಂಡು ಬಿದ್ದಿದ್ದ ಹೆಂಗಸನ್ನೂ ನೋಡಿದರು. "ತಗೊಳ್ಳಿ ನಿಮ್ಮ ಬಿಲ್ಲೆ. ಚೆಲ್ಲಿದ್ದನ್ನೆಲ್ಲ ಸಂಜೆಯೊಳಗೆ ಆರಿಸಿ ಮುಗಿಸ್ಬೇಕು. ಸೈರನ್ ಮಾತ್ರ ನಿಲ್ಲಿಸೋಕಾಗಲ್ಲ."

"ಅದನ್ನ ನನಗೆ ಬಿಡಿ," ಎಂದರು ಮೇಸ್ತ್ರಮ್ಮ.

ಬೆಟ್ಟದ ಕಡೆಯವರಿಗೆ ಒಂದು ಪದ್ಧತಿ. ಕಾಡಿನಲ್ಲಿ ಒಬ್ಬರಿಗೊಬ್ಬರು ಕಾಣದಾದಾಗ ಉದ್ದಕ್ಕೆ 'ಕೂ' ಹಾಕುತ್ತಾರೆ. ಆ ಕಡೆಯಿಂದ 'ಕೂ' ಬಂದರೆ ಜೊತೆಗಿದ್ದಾರೆ ಎಂದರ್ಥ. ಮಾರನೆಯ ದಿನದಿಂದ ಸೈರನ್ನಿಗೆ ಸ್ವಲ್ಪ ಮುಂಚೆ ಮೇಸ್ತ್ರಮ್ಮ ಕೈ ಎತ್ತುತ್ತಿದ್ದರು. ಎಲ್ಲರೂ ಮೊರ ಕೆಳಗಿಡಬೇಕು, ಪಕ್ಕದವಳ ಕೈ ಹಿಡಿಯಬೇಕು, ಸೈರನ್ ಶುರುವಾದ ಕೂಡಲೇ ಅದಕ್ಕಿಂತ ಜೋರಾಗಿ 'ಕೂ' ಹಾಕಬೇಕು. ಮೊದಮೊದಲು ನಾಚಿಕೆಯಾಯಿತು. "ಎಂತ, ಗಂಟಲಲ್ಲಿ ಕಡುಬು ಸಿಕ್ಕಿದೆಯಾ?" ಎಂದು ಗದರಿಸಿದರು. ಆಮೇಲೆ ನಮ್ಮ ಕೂಗಿಗೆ ಶೆಡ್ಡಿನ ತಗಡು ಅದುರತೊಡಗಿತು. ರಂಗೂನಕ್ಕ ನನ್ನ ಕೈಯನ್ನು ಮೂಳೆ ನೋಯುವಂತೆ ಹಿಡಿಯುತ್ತಿದ್ದಳು. ದಿನ ಕಳೆದಂತೆ ಹಿಡಿತ ಸಡಿಲವಾಯಿತು. ಒಂದು ಮಧ್ಯಾಹ್ನ ಅವಳೂ 'ಕೂ' ಎಂದಳು.

ತಿಂಗಳ ಕೊನೆಗೆ ವಕೀಲರು ಮೇಸ್ತ್ರಮ್ಮನ ಮನೆಗೇ ಬಂದರು. ಮೇಸ್ತ್ರಮ್ಮ ರಂಗೂನಕ್ಕನನ್ನು ಮುಂದೆ ನಿಲ್ಲಿಸಿದರು. "ನಾನು ದುಡೀತಿದ್ದೀನಿ ಸ್ವಾಮಿ. ಮಕ್ಕಳು ನನ್ನ ಹತ್ರಾನೇ ಇರ್ತವೆ," ಎಂದಳು ಅವಳು. ವಕೀಲರು ಒಳಗೆ ಇಣುಕಿ, ಜಗಲಿಯ ತುಂಬ ಹಾಸಿದ್ದ ಚಾಪೆಗಳನ್ನು ನೋಡಿ, ಸಮಿತಿಯಲ್ಲಿ ಉಳಿದಿದ್ದ ಅಕ್ಕಿಯನ್ನು ಕಳಿಸಿಕೊಟ್ಟರು.

ಯುದ್ಧ ಮುಗಿದ ಮರುವರ್ಷ ಮೇಸ್ತ್ರಮ್ಮ ವಿಷಮಜ್ವರದಿಂದ ತೀರಿಕೊಂಡರು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ, ದಾರಿಯಲ್ಲಿ ಏನಾಯಿತು ಎಂದು ರಂಗೂನಕ್ಕನನ್ನು ಅವರು ಒಂದು ದಿನವೂ ಕೇಳಿರಲಿಲ್ಲ. ಯಾಕೆಂದು ನಾನೊಮ್ಮೆ ಕೇಳಿದ್ದಕ್ಕೆ, "ಅಕ್ಕಿ ಕೊಟ್ಟು ಕಥೆ ಕೇಳ್ಬಾರದು," ಎಂದಿದ್ದರು.

ಮಣ್ಣು ಮಾಡಿ ಬಂದ ಸಂಜೆ, ಸ್ನಾನ ಮುಗಿಸಿ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಾಗ, ರಂಗೂನಕ್ಕ ತಾನಾಗಿಯೇ ಬಾಯಿ ಬಿಟ್ಟಳು. ರಂಗೂನಿನಿಂದ ಹೊರಟಾಗ ಅವಳ ಜೊತೆ ಇಬ್ಬರಲ್ಲ, ಮೂವರು ಮಕ್ಕಳಿದ್ದರು. ಮುಂದಿನದು ಅವಳ ಮಾತು. ಅದನ್ನು ನಾನು ಬರೆಯುವುದಿಲ್ಲ.