ಜಗಲಿಯ ಕುರ್ಚಿಗೆ ಚಕ್ರ ಬಂತು

ನಮ್ಮ ಜಗಲಿಯ ಬೆತ್ತದ ಕುರ್ಚಿ ಈಗ ಗಂಟೆಗೆ ಹದಿನೈದು ಮೈಲಿ ವೇಗದಲ್ಲಿ ಓಡುತ್ತದೆ.

ನಗಬೇಡಿ. ನಮ್ಮ ಪೇಟೆ ಹಂಪನಕಟ್ಟೆಯಲ್ಲಿ ಬೇಗ ಏಳುವ ಅಭ್ಯಾಸ ಇದ್ದವರು ನೋಡಿಯೇ ಇರುತ್ತೀರಿ. ಹೊಗೆ ಬಿಡುತ್ತ ಬರುವ ಒಂದು ಮೋಟಾರ್ ಸೈಕಲ್. ಅದರ ಮೇಲೆ ಕರಿ ಕೋಟಿನ ಒಬ್ಬ ವಕೀಲ (ನಾನೇ). ಪಕ್ಕದಲ್ಲಿ ಮೂರನೆಯ ಚಕ್ರದ ಮೇಲೆ ಒಂದು ಬೆತ್ತದ ಕುರ್ಚಿ, ಅದರಲ್ಲಿ ಮಡಿ ಪಂಚೆ ಉಟ್ಟು ಕಣ್ಣು ಮುಚ್ಚಿ ಕೂತ ಒಬ್ಬರು ಭಟ್ರು (ನನ್ನ ಅಣ್ಣ). ಅವರು ಕಣ್ಣು ಮುಚ್ಚುವುದು ಜಪಕ್ಕೋ, ಹೆದರಿಕೆಗೋ ಎಂದು ಕೋರ್ಟಿನಲ್ಲಿ ನನ್ನನ್ನು ಕೇಳಿದವರು ಉಂಟು. ನಾನಂತೂ ಅಣ್ಣನನ್ನು ಕೇಳಿಲ್ಲ. ನಿಮಗೆ ಧೈರ್ಯ ಇದ್ದರೆ ನೀವು ಕೇಳಿ ನೋಡಿ.

ಮೊದಲು ಮೋಟಾರ್ ಸೈಕಲಿನ ಕಥೆ. ಇಂಗ್ಲೆಂಡಿಗೆ ಹಿಂದಿರುಗುವ ತರಾತುರಿಯಲ್ಲಿದ್ದ ಒಬ್ಬ ಕಾಫಿ ಕಂಪನಿಯ ದೊರೆಯಿಂದ ಕೊಂಡದ್ದು. ಎಂಜಿನ್ ಒಳ್ಳೆಯದು. ಆದರೆ ಅದನ್ನು ಮಾಡಿದ ಪುಣ್ಯಾತ್ಮನಿಗೆ ಮನುಷ್ಯನಿಗೆ ಸೊಂಟ ಎಂಬುದೊಂದು ಉಂಟು ಅಂತ ಗೊತ್ತೇ ಇಲ್ಲ. ಹ್ಯಾಂಡಲ್ ಹಿಡಿಯಬೇಕಾದರೆ ದೇವರಿಗೆ ಅಡ್ಡಬೀಳುವ ಹಾಗೆ ಬಗ್ಗಬೇಕು. ಅರುವತ್ತರ ಪ್ರಾಯದಲ್ಲಿ ಹಾಗೆ ಬಗ್ಗಿದವನು ತಿರುಗಿ ನೆಟ್ಟಗಾಗಲು ಇನ್ನೊಬ್ಬರು ಬೇಕು. ಕಂಪನಿಯವರು ಆ ಇನ್ನೊಬ್ಬರನ್ನು ಗಾಡಿಯ ಜೊತೆ ಕೊಡುವುದಿಲ್ಲವಲ್ಲ?

ಹಾಗಾಗಿ ನಾನು ಅದನ್ನು ನನ್ನ ಮೈಗೆ ಹೊಂದಿಸುತ್ತ ಬಂದೆ. ಹ್ಯಾಂಡಲನ್ನು ಕುಲುಮೆಯಲ್ಲಿ ಕಾಯಿಸಿ ಹಿಂದಕ್ಕೆ ಬಗ್ಗಿಸಿ ಎದೆಯ ಹತ್ತಿರ ತಂದದ್ದಾಯಿತು. ಕಾಲಿಡುವ ಸಣ್ಣ ಕಬ್ಬಿಣದ ಕಡ್ಡಿ ತೆಗೆದು ಹಲಸಿನ ಹಲಗೆ ಹಾಕಿಸಿದೆ. ಪಾದ ಪೂರ್ತಿ ಊರಿ ಕೂರಬಹುದು. ಸೀಟಿನ ಮೇಲೆ ಮನೆಯಾಕೆ ಬೂರುಗದ ಹತ್ತಿ ತುಂಬಿ ಹೊಲಿದ ದಿಂಬು. (ನನಗಿಂತ ಚೆನ್ನಾಗಿ ಆ ದಿಂಬನ್ನು ನೋಡಿಕೊಳ್ಳುತ್ತಾಳೆ, ದಿನಾ ಬಿಸಿಲಿಗೆ ಹಾಕುತ್ತಾಳೆ.) ಪಡ್ಡೆ ಹುಡುಗರು ನಗುತ್ತಾರೆ. ನಗಲಿ. ಅವರಿಗೂ ಸೊಂಟ ಉಂಟು, ಇನ್ನೂ ಗೊತ್ತಾಗಿಲ್ಲ ಅಷ್ಟೆ.

ಈಗ ಅಣ್ಣನ ವಿಷಯ. ಅವರಿಗೆ ನನಗಿಂತ ಎಂಟು ವರ್ಷ ಹೆಚ್ಚು. ಕೊಟ್ಟಾರದ ಹತ್ತಿರ ಒಂದು ಸಣ್ಣ ದೇವಸ್ಥಾನದಲ್ಲಿ ಪೂಜೆ. ಅಪ್ಪನ ನಂತರ ಅವರೇ. ದಿನಾ ಬೆಳಗ್ಗೆ ನಮ್ಮ ಮನೆಯಿಂದ ನಡೆದೇ ಹೋಗುವುದು, ಅಲ್ಲಿಯ ಬಾವಿಕಟ್ಟೆಯಲ್ಲಿ ಮಿಂದು ಪೂಜೆ ಮಾಡುವುದು, ನಡೆದೇ ಬರುವುದು. ಹೀಗೆ ಅವರ ಇಡೀ ಆಯುಷ್ಯ ಹೋಗಿದೆ. ಕಳೆದ ಮಳೆಗಾಲದಲ್ಲಿ ಎರಡು ತೊಂದರೆ ಒಟ್ಟಿಗೆ ಬಂದವು. ಮಂಡಿ ಸೋತಿತು; ದಮ್ಮು ಶುರುವಾಯಿತು. ತಣ್ಣೀರು ಮೈಗೆ ಬಿದ್ದರೆ ಉಸಿರು ಕಟ್ಟಿ ವಾರಗಟ್ಟಲೆ ಹಾಸಿಗೆ. ಮೀಯುವುದಿದ್ದರೆ ಬಿಸಿನೀರಿನಲ್ಲೇ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಬಿಸಿನೀರು ಇರುವುದು ಮನೆಯಲ್ಲಿ. ದೇವರು ಇರುವುದು ಕೊಟ್ಟಾರದಲ್ಲಿ. ಮನೆಯಲ್ಲಿ ಮಿಂದು ಮಡಿಯಲ್ಲಿ ಹೊರಟರೆ ದಾರಿಯಲ್ಲಿ ಯಾರೂ ಮುಟ್ಟಬಾರದು, ಚರ್ಮದ ಸಾಮಾನು ತಾಗಲೇಬಾರದು. ಜಟಕಾದ ಸೀಟು ಚರ್ಮದ್ದು. ಅದರ ಮೇಲೆ ಮಡಿಗೆ ಆಗುವ ಜಿಂಕೆ ಚರ್ಮ, ಕೃಷ್ಣಾಜಿನ ಹಾಸಿದರೆ ಹೇಗೆ ಎಂದು ಮನೆಯಾಕೆ ಸೂಚಿಸಿದಳು. ಅಡಿಯಲ್ಲಿ ಇರುವುದು ಅಡಿಯಲ್ಲಿ ಇದ್ದೇ ಇರುತ್ತದೆ ಎಂದರು ಅಣ್ಣ. ನಡೆದೇ ಹೋದರು. ಅಲ್ಲಲ್ಲಿ ಕೂತು, ಉಸಿರು ತೆಗೆದು, ಪೂಜೆಯ ಹೊತ್ತು ಮೀರಿ ತಲುಪಿದರು. ಒಂದು ದಿನ ಅಲ್ಲ, ಹಲವು ದಿನ.

ಕೊನೆಗೆ ಮೊಕ್ತೇಸರರು ಮನೆಗೆ ಬಂದರು. ದೇವಸ್ಥಾನದ ಆಡಳಿತ ಅವರದ್ದು. ಒಳ್ಳೆಯ ಮನುಷ್ಯ, ದೊಡ್ಡ ಮಾತಿನವರಲ್ಲ. ಭಟ್ರು ಇನ್ನು ವಿಶ್ರಾಂತಿ ತಗೊಂಡರೆ ಹೇಗೆ ಎಂದು ಬಹಳ ಗೌರವದಿಂದ ಕೇಳಿದರು. ಅಣ್ಣ ಸ್ವಲ್ಪ ಸಮಯ ಕೇಳಿದರು. ಮೊಕ್ತೇಸರರು, ಬರುವ ಸಂಕ್ರಮಣದ ದಿನ ತಾನೇ ಬಂದು ನಿಲ್ಲುತ್ತೇನೆ, ಅಂದು ಹೊತ್ತಿಗೆ ಸರಿಯಾಗಿ ಗಂಟೆ ಕೇಳಿದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೇಳಿ ಎದ್ದರು. ಅನ್ಯಾಯ ಅಂತ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ದೇವರು ಕಾಯುತ್ತಾರೆ, ಭಕ್ತರು ಎಷ್ಟು ಹೊತ್ತು ಕಾದಾರು?

ಅಂದು ಅಣ್ಣ ಊಟಕ್ಕೆ ಏಳಲಿಲ್ಲ. ಕರೆಯಲು ಹೋದರೆ ಜಗಲಿಯಲ್ಲಿ ಕೂತಿದ್ದರು.

"ಪೂಜೆ ಇಲ್ಲದಿದ್ರೆ ಬೆಳಗ್ಗೆ ಎದ್ದು ನಾನು ಎಂತ ಮಾಡೋದು, ಮಾರಾಯ?" ಎಂದರು.

ದಿನಾ ವಾದ ಮಾಡಿ ಅನ್ನ ತಿನ್ನುವವನು ನಾನು. ಅಂದು ವಾದ ಬಿಟ್ಟು, ಅವರು ಕೂತ ಕುರ್ಚಿಯನ್ನು ನೋಡುತ್ತ ನಿಂತೆ. ಬೆತ್ತದ ಕುರ್ಚಿ, ಕೈ ಇಡಲು ಜಾಗ, ಬೆನ್ನಿಗೆ ಇಳಿಜಾರು. ಎಲ್ಲೂ ಚರ್ಮ ಇಲ್ಲ.

ಮರುದಿನವೇ ಐತಪ್ಪ ಆಚಾರಿಯನ್ನು ಕರೆಸಿದೆ. ಐತಪ್ಪ ಗಾಡಿಯ ಚಕ್ರ ಮಾಡುವವನು, ಕುಲುಮೆಯೂ ಉಂಟು. ಭಟ್ರನ್ನು ಕುರ್ಚಿ ಸಮೇತ ಹೊತ್ತುಕೊಂಡು ಹೋಗುವುದೋ ಎಂದು ಕುಶಾಲು ಮಾಡಿದ. ವಿಷಯ ಕೇಳಿದ ಮೇಲೆ ಕುಶಾಲು ಬಿಟ್ಟು ಅಳತೆ ತೆಗೆದ. ಕುರ್ಚಿಯನ್ನು ಮೂರನೆಯ ಚಕ್ರದ ಮೇಲೆ ನಿಲ್ಲಿಸಿ ಮೋಟಾರ್ ಸೈಕಲಿನ ಪಕ್ಕಕ್ಕೆ ಜೋಡಿಸಿದ. ಹಳೆಯ ಜಟಕಾದ ಪಟ್ಟಿ ಸ್ಪ್ರಿಂಗು ತಂದು ಕುರ್ಚಿಯ ಅಡಿಗೆ ಕೂರಿಸಿದ; ಹೊಂಡಕ್ಕೆ ಇಳಿದರೂ ಮಂಡಿಗೆ ಪೆಟ್ಟಾಗದ ಹಾಗೆ. ಅಣ್ಣನಿಗೆ ಕಾಲು ಎತ್ತಲು ಆಗುವುದಿಲ್ಲವಲ್ಲ, ಅದಕ್ಕೆ ಒಂದು ಮಣೆಯನ್ನು ಹಗ್ಗದಲ್ಲಿ ತೂಗಿಸಿ ಮೆಟ್ಟಿಲು ಮಾಡಿದ. ಹತ್ತಿದ ಮೇಲೆ ಎಳೆದು ಸಿಕ್ಕಿಸಬಹುದು. ಬಿಸಿಲಿಗೆ, ಮಳೆಗೆ ಓಲೆಯ ಕೊಡೆ ನಿಲ್ಲಿಸಲು ಒಂದು ಬಿದಿರಿನ ಕೊಳವೆ. ಇಂಗ್ಲೆಂಡಿನ ಸೈಡ್‌ಕಾರಿನಲ್ಲಿ ಇಷ್ಟೆಲ್ಲ ಉಂಟಾ ಹೇಳಿ?

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಸೂತ್ರ. ಅಣ್ಣ ಕೇಳಿದ್ದು ತಾನು ಕೂರುವ ಜಾಗದ ಬಗ್ಗೆ ಮಾತ್ರ. ಆದರೆ ಮನೆಯಾಕೆಗೂ ನನಗೂ ಶ್ರದ್ಧೆ ಏರಿತು. ಇಡೀ ಗಾಡಿಯನ್ನೇ ಶುದ್ಧ ಮಾಡುವ ಎಂದು ಹೊರಟೆವು. ನನ್ನ ಸೀಟಿನ ಚರ್ಮ ತೆಗೆದು ತೆಂಗಿನ ಹುರಿ ಹೆಣೆಸಿದೆವು. (ಇದೊಂದು ಉಪಕಾರವಾಯಿತು. ಗಾಳಿ ಆಡುತ್ತದೆ, ಸೊಂಟಕ್ಕೆ ಹಿತ. ನನ್ನ ಪ್ರಾಯದವರಿಗೆ ಧಾರಾಳವಾಗಿ ಹೇಳ್ತೇನೆ, ಮಾಡಿಸಿ.) ಸಾಮಾನಿನ ಚರ್ಮದ ಚೀಲ ಹೋಗಿ ಚಾಪೆಯ ಚೀಲ ಬಂತು. ಪಟ್ಟಿಗಳೆಲ್ಲ ಹೋದವು. ಆಮೇಲೆ ಎಂಜಿನ್‌ಗೆ ಎಣ್ಣೆ ಹಾಯಿಸುವ ಕೈಪಂಪನ್ನು ಬಿಚ್ಚಿದರೆ ಅದರೊಳಗೂ ಒಂದು ಚರ್ಮದ ಬಿಲ್ಲೆ. ಎಂಟಾಣೆ ನಾಣ್ಯದಷ್ಟು ಅಗಲ, ಯಾರ ಕಣ್ಣಿಗೂ ಬೀಳದ್ದು. ಬಿಡುವುದಾ? ಮನೆಯಾಕೆ ಹಳೆಯ ಪಂಚೆಯ ತುಂಡನ್ನು ಮಡಚಿ ಮಡಚಿ ಹೊಲಿದು ಅದೇ ಅಳತೆಯ ಬಿಲ್ಲೆ ಮಾಡಿಕೊಟ್ಟಳು. ಅಂಗಳದಲ್ಲಿ ನೋಡಿದಾಗ ಪಂಪು ಚೆನ್ನಾಗಿಯೇ ಒತ್ತಿತು. ಇದು ಬೇಡ ವಕೀಲರೇ ಎಂದು ಐತಪ್ಪ ತಲೆ ಆಡಿಸಿದ್ದ. ಯಾರು ಕೇಳ್ತಾರೆ?

ಸಂಕ್ರಮಣ ಬಂತು. ಅಣ್ಣ ಬಿಸಿನೀರಿನಲ್ಲಿ ಮಿಂದು, ಮಡಿ ಉಟ್ಟು, ಮಣೆಯ ಮೇಲೆ ಕಾಲಿಟ್ಟು ಕುರ್ಚಿಯಲ್ಲಿ ಕೂತರು. ಹೊರಟೆವು. ಪೇಟೆ ದಾಟುವವರೆಗೆ ಎಂತ ಗತ್ತು! ಲೇಡಿಹಿಲ್ಲಿನ ಏರು ಅರ್ಧ ಹತ್ತಿದ್ದೇವೆ, ಎಂಜಿನ್ ಒಮ್ಮೆ ನರಳಿತು, ಕರಟಿದ ವಾಸನೆ ಬಂತು, ಗಾಡಿ ಅಲ್ಲೇ ನಿಂತಿತು. ಬಟ್ಟೆಯ ಬಿಲ್ಲೆ ಎಣ್ಣೆಯಲ್ಲಿ ನೆನೆದು ಮುದ್ದೆಯಾಗಿತ್ತು. ಒಂದು ತೊಟ್ಟು ಎಣ್ಣೆಯೂ ಎಂಜಿನ್‌ಗೆ ಹೋಗಿರಲಿಲ್ಲ.

ಗೇರು ತಪ್ಪಿಸಿ ಇಳಿದು ದೂಡಿದೆ. ಅರುವತ್ತರ ಮುದುಕ, ಏರು ರಸ್ತೆ, ಮೂರು ಚಕ್ರ, ಮೇಲೆ ಅಣ್ಣ. ಒಂದು ಗೇಣೂ ಮುಂದೆ ಹೋಗಲಿಲ್ಲ. ಅಣ್ಣ ಇಳಿದು ನಡೆದರೆ ಹೊತ್ತಿಗೆ ತಲುಪುವುದಿಲ್ಲ. ಅದು ಅವರಿಗೂ ಗೊತ್ತು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ನನ್ನ ಶ್ರದ್ಧೆಯ ದೆಸೆಯಿಂದ ಅಣ್ಣನ ಪೂಜೆ ತಪ್ಪುತ್ತದಲ್ಲ ಎಂದು ನನ್ನ ಕಣ್ಣಿಗೆ ಕತ್ತಲೆ ಬಂತು.

ಆಗ ಬೋಳೂರಿನ ಕಡೆಯಿಂದ ಮೀನಿನ ಬುಟ್ಟಿ ಹೊತ್ತ ನಾಲ್ಕಾರು ಹೆಂಗಸರು ಏರು ಹತ್ತಿ ಬಂದರು. ಮುಂದೆ ಇದ್ದವಳು ಪ್ರಾಯ ಸಂದವಳು. ಅಕ್ಕು ಎಂದು ಹೆಸರು, ಆಮೇಲೆ ಗೊತ್ತಾದದ್ದು. ನನ್ನ ಬೆವರು, ಅಣ್ಣನ ಪಂಚೆ, ನಿಂತ ಗಾಡಿ ಮೂರನ್ನೂ ನೋಡಿ ಎಲ್ಲ ಅಂದಾಜು ಮಾಡಿದಳು. ಬುಟ್ಟಿ ಇಳಿಸಿದಳು. ಆದರೆ ಹತ್ತಿರ ಬರಲಿಲ್ಲ.

"ಭಟ್ರು ಮಡಿಯಲ್ಲಿ ಇದ್ದಾರಲ್ಲ," ಎಂದಳು ತುಳುವಿನಲ್ಲಿ. "ನಾವು ಮುಟ್ಟದೆ ಒಂದು ಕೋಲು ಕೊಟ್ಟು ದೂಡಿದ್ರೆ ಆದೀತಾ?"

ನಾನು ಅಣ್ಣನ ಮುಖ ನೋಡಿದೆ. ಒಂದು ಕ್ಷಣದ ಹಿಂದೆ ಅವರು ಮೀನಿನ ವಾಸನೆಗೆ ಶಾಲು ಮೂಗಿಗೆ ಹಿಡಿದಿದ್ದರು. ಇಡೀ ಆಯುಷ್ಯದಲ್ಲಿ ಮಡಿಯಲ್ಲಿದ್ದಾಗ ಸ್ವಂತ ಮೊಮ್ಮಕ್ಕಳನ್ನು ಮುಟ್ಟಿದವರಲ್ಲ. ಬೇಡ ಎಂದರೆ ನಾನು ಎದುರು ಮಾತಾಡುವ ಹಾಗಿಲ್ಲ. ಅಣ್ಣ ಶಾಲು ಮೂಗಿನಿಂದ ಇಳಿಸಿದರು.

"ಕೋಲಿನಲ್ಲಿ ದೂಡಿದ್ರೆ ಗಾಡಿ ಅಡ್ಡ ಹೋಗ್ತದೆ," ಎಂದರು. "ಕೈಯಿಂದಲೇ ದೂಡಿ."

ಅಷ್ಟೇ. ಶಾಸ್ತ್ರ ಇಲ್ಲ, ಉಪದೇಶ ಇಲ್ಲ. ಹೆಂಗಸರು ಸೆರಗು ಬಿಗಿದರು. ಕೆಲವರು ನನ್ನ ಗಾಡಿಗೆ, ಅಕ್ಕುವೂ ಮತ್ತೊಬ್ಬಳೂ ಕುರ್ಚಿಯ ಬೆನ್ನಿಗೆ ಕೈ ಕೊಟ್ಟರು. ಏರು ಮುಗಿಯುವವರೆಗೆ ಅಕ್ಕುವಿನ ಬೆರಳು ಅಣ್ಣನ ಹೆಗಲಿಗೆ ತಾಗುತ್ತಲೇ ಇತ್ತು. ಅಣ್ಣ ಹೆಗಲು ಸರಿಸಲಿಲ್ಲ. ಮೇಲೆ ತಲುಪಿದ ಕೂಡಲೇ ನಾನು ಹತ್ತಿ ಕೂತೆ. ಆಚೆ ಪೂರ್ತಿ ಇಳಿಜಾರು. ಎಂಜಿನಿನ ಸದ್ದಿಲ್ಲದೆ ಗಾಡಿ ತನ್ನಷ್ಟಕ್ಕೆ ಕೊಟ್ಟಾರದ ಕಡೆ ಇಳಿಯಿತು. ಹಿಂದೆ ಹೆಂಗಸರು ನಗುವುದು ಕೇಳಿಸುತ್ತಿತ್ತು. ಅವರಿಗೊಂದು ಉಪಕಾರ ಹೇಳಲು ಕೂಡ ಪುರಸೊತ್ತಾಗಲಿಲ್ಲ.

ದೇವಸ್ಥಾನದ ಬಾಗಿಲಲ್ಲಿ ಮೊಕ್ತೇಸರರು ನಿಂತಿದ್ದರು. ಹೊತ್ತು ಮೀರಿರಲಿಲ್ಲ. ಮೋಟಾರಿನ ಸದ್ದೇ ಕೇಳಲಿಲ್ಲ, ಹೇಗೆ ಬಂದಿರಿ ಎಂದು ಅವರು ಆಶ್ಚರ್ಯದಿಂದ ಕೇಳಿದರು. ನಾನು ಏನಾದರೊಂದು ಹೇಳಿ ಜಾರಿಸುತ್ತಿದ್ದೆ. (ಅದು ನನ್ನ ವೃತ್ತಿ.) ಅಣ್ಣ ಬಿಡಲಿಲ್ಲ. ಗಾಡಿ ನಿಂತದ್ದು, ಮೀನಿನ ಹೆಂಗಸರು ಕೈಯಿಂದ ದೂಡಿದ್ದು, ತನ್ನ ಹೆಗಲಿಗೆ ಕೈ ತಾಗಿದ್ದು ಎಲ್ಲವನ್ನೂ ಇದ್ದ ಹಾಗೆ ಹೇಳಿದರು. ಮೊಕ್ತೇಸರರ ಕಣ್ಣು ಬಾವಿಯ ಕಡೆ ಹೋಯಿತು. ಅಣ್ಣನ ಕಣ್ಣೂ ಹೋಯಿತು.

"ಮೊಕ್ತೇಸರರೇ, ಆ ನೀರು ತಣ್ಣಗುಂಟು," ಎಂದರು ಅಣ್ಣ. "ಮಿಂದ್ರೆ ಇವತ್ತಿನ ಪೂಜೆ ಆಗ್ತದೆ. ನಾಳೆಯದ್ದು ನಾನು ಹೇಳಲಾರೆ. ಮೀಯಬೇಕಾ, ನೀವೇ ಹೇಳಿ."

ಮೊಕ್ತೇಸರರು ಬಾವಿಯನ್ನು ನೋಡಿದರು, ಅಣ್ಣನ ಮಂಡಿಯನ್ನು ನೋಡಿದರು.

"ಹೊತ್ತಾಯ್ತು ಭಟ್ರೇ," ಎಂದರು. "ಗಂಟೆ ಬಾರಿಸಿ."

ಅಣ್ಣ ಕಾಲು ತೊಳೆದು ಒಳಗೆ ಹೋದರು. ಗಂಟೆ ಕೇಳಿತು. ಹೇಳಲು ನಾಚಿಕೆ ಇಲ್ಲ, ಹೊರಗೆ ಕಂಬಕ್ಕೆ ಒರಗಿ ನಾನು ಅತ್ತೆ. ಅಂದು ಪ್ರಾರ್ಥನೆಯಲ್ಲಿ ಅಣ್ಣ, ಹೆಸರು ತಿಳಿಯದ ಆ ಹೆಂಗಸರಿಗೂ ಅವರ ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ ಎಂದು ಬೇಡಿದರು. ಇಷ್ಟು ವರ್ಷ ಅವರ ಪ್ರಾರ್ಥನೆ ಕೇಳಿದ ನಾನು ಅಂಥ ಮಾತು ಮೊದಲ ಸಲ ಕೇಳಿದ್ದು.

ಐತಪ್ಪ ಎಂಜಿನನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸಿ ಕೊಟ್ಟ. ಪಂಪಿಗೆ ಪುನಃ ಚರ್ಮದ ಬಿಲ್ಲೆಯೇ ಬಂತು. ಅಣ್ಣನಿಗೆ ಹೇಳುವುದಾ, ಬೇಡವಾ ಎಂದು ನಾನು ತಡವರಿಸುವಾಗ ಅವರೇ, ದೇವರ ಎದುರು ಬಾರಿಸುವ ಚೆಂಡೆಗೆ ಬಿಗಿದದ್ದು ಎಂತದ್ದು ಅಂತ ಕೇಳಿದರು. ಅಂದಿನಿಂದ ಪೂಜೆ ಒಂದು ದಿನವೂ ತಡವಾಗಿಲ್ಲ.

ಅಕ್ಕುವನ್ನು ಉರ್ವದ ಮಾರ್ಕೆಟಿನಲ್ಲಿ ಹುಡುಕಿ ಪ್ರಸಾದ ಕೊಟ್ಟು ಬಂದೆ. ಕರಿ ಕೋಟಿನ ವಕೀಲ ಮೀನಿನ ಸಾಲಿನಲ್ಲಿ ನಿಂತದ್ದನ್ನು ನೋಡಲು ಅರ್ಧ ಮಾರ್ಕೆಟ್ ಸೇರಿತ್ತು. ಉಪಕಾರ ಆಯಿತು ಎಂದೆ. ಅವಳು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಇನ್ನು ಗಾಡಿ ನಿಲ್ಲುವುದಿದ್ದರೆ ನಮ್ಮ ಏರಿನಲ್ಲೇ ನಿಲ್ಲಿಸಿ, ನಾವು ದಿನಾ ಇರ್ತೇವೆ ಎಂದಳು. ಆ ದಾರಿಯಲ್ಲಿ ಎಷ್ಟೋ ವರ್ಷದಿಂದ ಅವರೂ ನಡೆದಿದ್ದಾರೆ, ಅಣ್ಣನೂ ನಡೆದಿದ್ದಾರೆ. ಒಂದು ದಿನವೂ ಮಾತಾಡಿದ್ದಿಲ್ಲ.

ಪ್ರಾಯ ಸಂದವರ ಗಾಡಿಗೆ ಎಂತೆಂತ ಜೋಡಿಸಬೇಕು ಎಂದು ಈಗ ಹಲವರು ನನ್ನನ್ನು ಕೇಳುತ್ತಾರೆ. ದಿಂಬು, ಹಲಗೆ, ಸ್ಪ್ರಿಂಗು ಎಲ್ಲ ವಿವರಿಸಿ ಹೇಳ್ತೇನೆ. ಹೇಳಿ ಮುಗಿಸಿದ ಮೇಲೆ ನನ್ನದೂ ಒಂದು ಪ್ರಶ್ನೆ ಉಂಟು: ಹೊರಡುವ ಮೊದಲು ಪೆಟ್ರೋಲ್ ನೋಡ್ತೀರಿ, ಎಣ್ಣೆ ನೋಡ್ತೀರಿ, ಏರಿನಲ್ಲಿ ನಿಮ್ಮನ್ನು ದೂಡುವವರ ಮುಖ ಒಂದು ಸಲವಾದರೂ ನೋಡಿದ್ದೀರಾ?