ಎದುರುಮನೆ ದೊಡ್ಡಮ್ಮನ ಅರ್ಜಿ

ಕಳೆದ ವಾರ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಗೋಣಿಚೀಲ ಬಿಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ಎದುರುಮನೆ ದೊಡ್ಡಮ್ಮ ನೆನಪಾದಳು...

ತೊಂಬತ್ತರ ದಶಕದ ಕೊನೆ. ಪರಶುರಾಂಪುರದ ಹತ್ತಿರದ ನಮ್ಮ ಹಟ್ಟಿಯಿಂದ, ದೀಪಾವಳಿ ಮುಗಿಸಿ, ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕರೆದುಕೊಂಡು ಕುರಿಗಳ ಜೊತೆ ಮೇವಿದ್ದ ಕಡೆ ಹೊರಟೆವು. ದೊಡ್ಡಮ್ಮ ನನ್ನ ಸೆರಗಿಗೆ ಒಂದಿಷ್ಟು ಶೇಂಗಾ ಕಟ್ಟಿದಳು. ಪ್ರತಿವರ್ಷದಂಥದ್ದೇ ದಿನ.

ಮುಂಗಾರಿಗೆ ಮುಂಚೆ ವಾಪಸ್ ಬಂದಾಗ ನಮ್ಮ ರೇಷನ್ ಕಾರ್ಡು ರದ್ದಾಗಿತ್ತು. ಮನೆ ತನಿಖೆಗೆ ಬಂದವರು ಬೀಗ ನೋಡಿ ದೊಡ್ಡಮ್ಮನನ್ನು ಕೇಳಿದ್ದರಂತೆ. ಕುರಿ ಯಾವ ದಿಕ್ಕಿಗೆ ಹೋದವೆಂದು ಗುರುತಿಲ್ಲದವರಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಕಳ್ಳರ ಭಯ. "ಅವ್ರು ಊರು ಬಿಟ್ಟು ಬಾಳ ದಿನ ಆತು, ನಂಗೇನೂ ಗೊತ್ತಿಲ್ಲ" ಎಂದುಬಿಟ್ಟಿದ್ದಳು.

ಮನೆಯಲ್ಲಿ ರಾಗಿ ತಳ ಕಂಡಿತ್ತು. ಅಂಬಲಿಗೆ ದಿನದಿಂದ ದಿನಕ್ಕೆ ನೀರು ಹೆಚ್ಚಾಯಿತು. ಚಿಕ್ಕವಳು ಖಾಲಿ ಪಾತ್ರೆ ಕೆರೆಯುವ ಸದ್ದು ದೊಡ್ಡಮ್ಮನಿಗೆ ಕೇಳಿಸಿರಬೇಕು. ಮರುದಿನವೇ ನನ್ನನ್ನು ಎಳೆದುಕೊಂಡು ತಾಲ್ಲೂಕು ಕಚೇರಿಗೆಂದು ಚಳ್ಳಕೆರೆ ಬಸ್ಸು ಹತ್ತಿದಳು.

ಎಷ್ಟು ಸಲ ಹೋದೆವೋ...

"ಮತ್ತೆ ಬಂದ್ಯಾ ಅಜ್ಜಿ?" ಎಂದು ಗುಮಾಸ್ತರು ನಕ್ಕರೆ, "ನೀನು ದಿನಾ ಉಣ್ಣಲ್ವೇನಪ್ಪಾ? ನಾನೂ ದಿನಾ ಬರ್ತೀನಿ" ಎನ್ನುತ್ತಿದ್ದಳು.

ಕೊನೆಗೊಮ್ಮೆ ಸಾಹೇಬರು ಸಿಕ್ಕರು. "ತಪ್ಪು ನಂದು ಸ್ವಾಮಿ. ನನ್ ಕಾರ್ಡು ಕಿತ್ಕಳ್ರಿ, ಇವ್ರದು ಕೊಡ್ರಿ" ಎಂದಳು. ಅವರು ಪೆನ್ನು ಕೆಳಗಿಟ್ಟು, "ಏನ್ ಮಾಡ್ಬೇಕು ಅಂತೀಯಮ್ಮ?" ಎಂದರು.

"ಕುರಿ ಹಿಂದೆ ಹೋದೋರು ಮಳೆಗೆ ಬರ್ತಾರೆ, ಅವಾಗ ಬಂದು ಮನೆ ನೋಡ್ರಿ. ಹೋದ ಊರಾಗೂ ಅಕ್ಕಿ ಸಿಗಂಗೆ ಮಾಡ್ರಿ. ನಮ್ಮೂರ ಗೋಮಾಳ ಉಳಿಸ್ರಿ. ಇಲ್ಲೇ ಮೇವಿದ್ರೆ ನಾವ್ಯಾಕೆ ಊರೂರು ಅಲೀತೀವಿ?"

ಅವಳು ಹೇಳಿದ್ದನ್ನೆಲ್ಲ ಅಲ್ಲೇ ಕೂತು ನಾನು ಅರ್ಜಿಯಲ್ಲಿ ಬರೆದೆ. ಹೆಬ್ಬೆಟ್ಟು ಅವಳದು.

ಕಾರ್ಡು ಬಂತು. ಇಡೀ ಹಟ್ಟಿಯ ಕುರಿಯವರದ್ದೂ ಬಂತು. ಮುಂದಿನ ತನಿಖೆಗೆ ಮಳೆ ಬಿದ್ದ ಮೇಲೆಯೇ ಬಂದರು. ಮೊದಲ ಅಕ್ಕಿ ತಂದ ಮಧ್ಯಾಹ್ನ ಮಕ್ಕಳು ಉಣ್ಣುವಾಗ ದೊಡ್ಡಮ್ಮ ಹೊಸ್ತಿಲಲ್ಲಿ ಕೂತು, "ಇನ್ನೊಂದೀಟು ಇಕ್ಕೇ, ಯಾಕಂಗೆ ಕೈ ಹಿಡೀತೀಯಾ?" ಎಂದು ನನ್ನನ್ನು ಗದರಿದಳು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಕೆಲವು ವರ್ಷಗಳ ನಂತರ ಅವಳು ತೀರಿಕೊಂಡಾಗ ನಾವು ಕುರಿಗಳೊಂದಿಗೆ ದೂರದಲ್ಲಿದ್ದೆವು. ಅವಳ ಮಣ್ಣಿಗೂ ಬರಲಾಗಲಿಲ್ಲ...

ಈಗ ಹೋದ ಊರಲ್ಲೇ ಅಕ್ಕಿ ಸಿಗುತ್ತದೆ. ನನ್ನ ಮೊಮ್ಮಕ್ಕಳಿಗೆ ನೀರಂಬಲಿಯ ರುಚಿ ಗೊತ್ತಿಲ್ಲ. ಅಷ್ಟು ಸಮಾಧಾನ ಇದೆ. ಆದರೆ ಗೋಮಾಳ ಉಳಿಯಲಿಲ್ಲ. ಅದನ್ನು ಕೇಳಲು ದೊಡ್ಡಮ್ಮನೂ ಇಲ್ಲ.